ಯಾರೂ ಓದುವುದಿಲ್ಲವೆಂದು ಬರೆದದ್ದು

ಕಳೆದ ತಿಂಗಳು ಕಪಾಟಿನ ಮೇಲಿನ ರಟ್ಟಿನ ಪೆಟ್ಟಿಗೆಯನ್ನು ಇಳಿಸುವಾಗ ಅದರೊಳಗಿಂದ ಒಂದು ಕಟ್ಟು ಪೋಸ್ಟ್‌ಕಾರ್ಡು ಕೆಳಗೆ ಬಿತ್ತು. ಕಟ್ಟಿದ್ದ ರಬ್ಬರ್ ಬ್ಯಾಂಡು ಕರಗಿ ಬೆಲ್ಲದ ಅಂಟಿನಂತಾಗಿತ್ತು. ಒಂದು ಪೋಲೆಂಡಿನದು, ಒಂದು ಕ್ಯೂಬಾದ್ದು, ಇನ್ನೆರಡು ಎಲ್ಲಿಯವೋ, ಅಂಚೆಚೀಟಿಯ ಲಿಪಿ ನನಗೆ ಗೊತ್ತಿಲ್ಲ. ಎಲ್ಲದರಲ್ಲೂ ಅಚ್ಚಾಗಿದ್ದುದು ಹೆಚ್ಚುಕಡಿಮೆ ಒಂದೇ ಮಾತು: ಮಾನ್ಯ ಡಾಕ್ಟರೇ, ತಮ್ಮ ಈ ಕೆಳಗಿನ ಲೇಖನದ ಒಂದು ಪ್ರತಿಯನ್ನು ಕಳಿಸಿಕೊಟ್ಟರೆ ಉಪಕಾರವಾಗುತ್ತದೆ. ಕೆಳಗಿನ ಖಾಲಿ ಗೆರೆಯಲ್ಲಿ ನನ್ನ ಮೊದಲ ಲೇಖನದ ಹೆಸರನ್ನು ಯಾರೋ ಕೈಯಲ್ಲಿ ಬರೆದಿದ್ದರು. ನಾನಾಗ ಡಾಕ್ಟರ್ ಆಗಿರಲಿಲ್ಲ. ಪೋಲೆಂಡಿನವರು ಅಷ್ಟು ದೂರದಿಂದ ಹೇಳುವಾಗ ಬೇಡವೆನ್ನುವುದು ಹೇಗೆಂದು ಸುಮ್ಮನಿದ್ದೆ.

ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ಆಗ ನಮ್ಮ ಲೇಖನ ಯಾವುದಾದರೂ ವಿದೇಶಿ ಪತ್ರಿಕೆಯಲ್ಲಿ ಅಚ್ಚಾದರೆ ಅವರು ನಮಗೆ ಆ ಲೇಖನದ ಕೆಲವು ಬಿಡಿಪ್ರತಿಗಳನ್ನು ಕಳಿಸುತ್ತಿದ್ದರು. ಪತ್ರಿಕೆ ತರಿಸಲು ಶಕ್ತಿಯಿಲ್ಲದ ಊರುಗಳ ಮೇಷ್ಟ್ರುಗಳು ಲೇಖಕರಿಗೆ ಹೀಗೆ ಕಾರ್ಡು ಬರೆದು ಪ್ರತಿ ಬೇಡುತ್ತಿದ್ದರು. ನಾವು ಒಂದನ್ನು ಲಕೋಟೆಗೆ ಹಾಕಿ ಕಳಿಸುತ್ತಿದ್ದೆವು. ನಾನಂತೂ ಪ್ರತಿಗಳು ಮುಗಿದುಹೋದಾವೆಂಬ ಹೆದರಿಕೆಯಲ್ಲಿ ಅರ್ಧದಷ್ಟನ್ನು ಯಾರಿಗೂ ಕಳಿಸದೆ ಇಟ್ಟುಕೊಂಡೆ. ಅವು ಇವತ್ತಿಗೂ ಆ ಪೆಟ್ಟಿಗೆಯ ತಳದಲ್ಲಿವೆ. ಗೆದ್ದಲು ಓದಿವೆ.

ಹೆದರಿಕೆ ನನಗೆ ಮನೆಯಿಂದಲೇ ಬಂದದ್ದು. ನಮ್ಮದು ಕದ್ರಿಯ ಅರ್ಚಕರ ಮನೆತನ. ಅಜ್ಜ ಕೈಯಲ್ಲಿ ಬರೆದಿಟ್ಟ ಒಂದು ಪ್ರಯೋಗ ಪುಸ್ತಕವಿತ್ತು, ಯಾವ ಹೋಮಕ್ಕೆ ಯಾವ ಕ್ರಮ ಎಂಬುದೆಲ್ಲ ಅದರಲ್ಲಿ. ಅಪ್ಪ ಅದನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಮರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು. ಒಮ್ಮೆ ಸಂಬಂಧದವರೊಬ್ಬರು ನೋಡಿ ಕೊಡುತ್ತೇನೆಂದು ಒಯ್ದವರು ಎರಡು ಹಾಳೆ ಕಡಿಮೆ ಮಾಡಿ ಹಿಂದಿರುಗಿಸಿದರಂತೆ. ಆಮೇಲೆ ಯಾರಾದರೂ ಕೇಳಿದರೆ ಅಪ್ಪ, “ಪುಸ್ತಕ ಎಲ್ಲಿ ಉಂಟು ಮಾರಾಯ್ರೆ, ಎಲ್ಲ ಬಾಯಲ್ಲೇ” ಎನ್ನುತ್ತಿದ್ದರು. ಅಷ್ಟು ಹೇಳುವಾಗಲೂ ಅವರ ಕಣ್ಣು ಪೆಟ್ಟಿಗೆಯ ಕಡೆಗೆ ಹೋಗುತ್ತಿತ್ತು. ಹೇಳಿಬಿಟ್ಟರೆ ಹೋಯಿತು ಎಂಬುದನ್ನು ನಾನು ಅಕ್ಷರ ಕಲಿಯುವ ಮೊದಲೇ ಕಲಿತಿದ್ದೆ.

ಅಂಥ ಮನೆಯ ಮಗ ಕಾಲೇಜು ಮೇಷ್ಟ್ರಾಗಿ ಮರುವಾಯಿಯ ಮೇಲೆ ಸಂಶೋಧನೆಗೆ ಇಳಿದದ್ದು ಮನೆಯಲ್ಲಿ ದೊಡ್ಡ ಗೋಳಾಯಿತು. ಹೊಳೆಯ ತಳದ ಮರಳಲ್ಲಿ ಹುದುಗಿರುವ, ಎರಡು ಚಿಪ್ಪಿನ ಆ ಜೀವಿಯನ್ನು ಊರಿನ ಅರ್ಧ ಜನ ಸುಕ್ಕ ಮಾಡಿ ತಿನ್ನುತ್ತಾರೆ. ನಾನು ಅದನ್ನು ಬರೀ ಅಳೆಯುತ್ತಿದ್ದೆ, ತೂಗುತ್ತಿದ್ದೆ. ಅಮ್ಮನಿಗೆ ಅದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೂಳೂರಿನ ಹೊಳೆಯಿಂದ ಬಂದ ದಿನ ನನ್ನನ್ನು ಬಾವಿಕಟ್ಟೆಯಲ್ಲಿ ಮೀಯಿಸದೆ ಒಳಗೆ ಬಿಡುತ್ತಿರಲಿಲ್ಲ. ಅಪ್ಪ ಕೇಳಿದವರಿಗೆಲ್ಲ, “ಮಗ ಹೊಳೆಯ ಬಗ್ಗೆ ಓದ್ತಾನೆ” ಎಂದಷ್ಟೇ ಹೇಳುತ್ತಿದ್ದರು. ಹೊಳೆಯಲ್ಲಿ ಎಂತ ಎಂದು ಯಾರೂ ಕೇಳದಿರಲಿ ಎಂದು ನಾನು ಪಕ್ಕದಲ್ಲಿ ನಿಂತು ಪ್ರಾರ್ಥಿಸುತ್ತಿದ್ದೆ.

ನನಗೆ ಹೊಳೆ ತೋರಿಸಿಕೊಟ್ಟವರು ಕಮಲಕ್ಕ. ಕೂಳೂರು ಸೇತುವೆಯ ಕೆಳಗೆ ಇಳಿತದ ಹೊತ್ತಿನಲ್ಲಿ ಮರುವಾಯಿ ಹೆಕ್ಕುವ ಏಳೆಂಟು ಹೆಂಗಸರಲ್ಲಿ ಒಬ್ಬರು, ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರು. ಸೊಂಟಮಟ್ಟದ ನೀರಲ್ಲಿ ನಿಂತು ಕಾಲಿನ ಬೆರಳಿನಲ್ಲೇ ಮರಳು ತಡಕಿ, ಇಲ್ಲಿ ಉಂಟು, ಇಲ್ಲಿ ಇಲ್ಲ ಎಂದು ಹೇಳಬಲ್ಲವರು. ನಾನು ನೀರು ಮೊಣಕಾಲಿಗೆ ಬಂದರೆ ಬೊಬ್ಬೆ ಹಾಕುವವನು. ಕೆಲವು ತಿಂಗಳು ನನ್ನನ್ನು ನೋಡಿ ನೋಡಿ, ಇವನಿಂದ ಯಾರಿಗೂ ಉಪದ್ರ ಇಲ್ಲವೆಂದು ಅವರಿಗೆ ಕಂಡಿರಬೇಕು. ಒಂದು ದಿನ ತಮ್ಮವರು ತಲೆತಲಾಂತರದಿಂದ ಹೆಕ್ಕುತ್ತ ಬಂದ ಜಾಗಕ್ಕೆ ಕರೆದುಕೊಂಡು ಹೋದರು. ಹೊರಗಿನಿಂದ ನೋಡಿದರೆ ಬರೀ ನೀರು. ಕಾಲಿಟ್ಟರೆ ಅಡಿಯಲ್ಲಿ ಒತ್ತೊತ್ತಾಗಿ ಚಿಪ್ಪು. ಸಣ್ಣವನ್ನು ಅವರು ಮುಟ್ಟುತ್ತಿರಲಿಲ್ಲ. ಮೊಟ್ಟೆಯಿಡುವ ತಿಂಗಳಲ್ಲಿ ಆ ಕಡೆಗೇ ಹೋಗುತ್ತಿರಲಿಲ್ಲ.

“ಜಾಗ ಯಾರಿಗೂ ಹೇಳ್ಬಾರ್ದು ಭಟ್ರೇ” ಎಂದು ಕಮಲಕ್ಕ ತುಳುವಿನಲ್ಲಿ ಹೇಳಿದರು. “ಸುಣ್ಣ ಸುಡುದಕ್ಕೆ ಚಿಪ್ಪು ಹುಡುಕುವವರು ಇದ್ದಾರೆ. ಅವರು ದೋಣಿ ತಂದ್ರೆ ನಮಗೆ ಎಂತದೂ ಉಳಿಯುದಿಲ್ಲ.”

“ಯಾರಿಗೂ ಹೇಳುವುದಿಲ್ಲ” ಎಂದೆ. ಮನಸ್ಸಿಟ್ಟೇ ಹೇಳಿದ್ದು.

ಮನೆಗೆ ಬಂದು ಎಲ್ಲವನ್ನೂ ಬರೆದಿಟ್ಟೆ. ಸೇತುವೆಯ ಯಾವ ಕಂಬ, ಅಲ್ಲಿಂದ ಯಾವ ದಿಕ್ಕಿಗೆ ಎಷ್ಟು ಹೆಜ್ಜೆ, ಯಾವ ತಿಂಗಳು ಎಷ್ಟು ಒತ್ತಾಗಿ ಚಿಪ್ಪು. ಸಂಶೋಧನೆಯೆಂದರೆ ಹಾಗೆಯೇ, ಮತ್ತೊಬ್ಬ ಬಂದು ಅದೇ ಜಾಗದಲ್ಲಿ ನಿಂತು ಪರೀಕ್ಷಿಸುವಂತಿರಬೇಕು. ಕೊಟ್ಟ ಮಾತಿನ ನೆನಪು ಬರಲಿಲ್ಲವೇ ಎಂದು ನೀವು ಕೇಳಬಹುದು. ಬಂತು. ಆದರೆ ನಮ್ಮ ವೃತ್ತಿಯವರಿಗೆ ಮಾತ್ರ ಹೊಳೆಯಬಹುದಾದ ಒಂದು ಸಮಾಧಾನ ನನಗೆ ಹೊಳೆದಿತ್ತು. ಸಂಶೋಧನಾ ಲೇಖನದಲ್ಲಿ ಬರೆದರೆ ಯಾರಿಗೂ ಹೇಳಿದಂತಾಗುವುದಿಲ್ಲ, ಯಾಕೆಂದರೆ ಅದನ್ನು ಯಾರೂ ಓದುವುದಿಲ್ಲ. ಹೆಚ್ಚೆಂದರೆ ಪೋಲೆಂಡಿನ ಒಬ್ಬರು, ಕ್ಯೂಬಾದ ಒಬ್ಬರು. ಅವರು ಕೂಳೂರಿಗೆ ಬಂದು ಮರುವಾಯಿ ಹೆಕ್ಕುವುದುಂಟೇ?

ವಿದೇಶಿ ಪತ್ರಿಕೆಯವರು ನನ್ನ ಲೇಖನವನ್ನು ಬಹುಕಾಲ ಇಟ್ಟುಕೊಂಡು ಕಡೆಗೆ ಉತ್ತರಿಸಿದರು: ಲೇಖನ ಒಳ್ಳೆಯದಿದೆ, ಬಹಳ ಉದ್ದವಾಯಿತು, ಕೊನೆಯ ಕೋಷ್ಟಕಗಳನ್ನು ತೆಗೆದುಹಾಕಿ. ಹೆಜ್ಜೆಯ ಲೆಕ್ಕವಿದ್ದದ್ದು ಆ ಕೋಷ್ಟಕಗಳಲ್ಲೇ. ಅಷ್ಟು ವರ್ಷ ನೀರಲ್ಲಿ ನಡುಗುತ್ತ ನಿಂತವನು ನಾನು, ಅವರಿಗೆ ಅದು ಕಾಗದದ ಖರ್ಚು. ಜೀವಮಾನದಲ್ಲಿ ನನಗೆ ಸಿಟ್ಟು ಬಂದದ್ದು ಕಡಿಮೆ. ಆವತ್ತು ಬಂತು.

ಆಗ ಗಂಟುಬಿದ್ದವರು ಪದ್ಮನಾಭ ಶೆಟ್ರು, ನಮ್ಮ ಕಾಲೇಜಿನಲ್ಲೇ ಭೌತಶಾಸ್ತ್ರದ ಮೇಷ್ಟ್ರು. ಕುಲಶೇಖರ ಬಡಾವಣೆಯಲ್ಲಿದ್ದ ಅವರ ಮನೆಯವರದ್ದು ಹೋಟೆಲು ವ್ಯಾಪಾರ. ಇವರೊಬ್ಬರು ಮಾತ್ರ ಗಲ್ಲಾಪೆಟ್ಟಿಗೆಯ ಹಿಂದೆ ಕೂತುಕೊಳ್ಳಲಾರೆ ಎಂದು ಪಾಠ ಮಾಡಲು ಬಂದವರು. ಊರಿಗೆ ಇಂಟರ್ನೆಟ್ ಬಂದ ಹೊಸತು. ಫೋನಿನ ತಂತಿ ಸಿಕ್ಕಿಸಿದರೆ ಯಂತ್ರ ಒಂದಷ್ಟು ಹೊತ್ತು ಕಿರುಚುತ್ತಿತ್ತು, ಆ ಶಬ್ದಕ್ಕೇ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ಶೆಟ್ರು ಮಾತ್ರ ಮಗುವಿನ ಮೊದಲ ಮಾತು ಕೇಳುವವರ ಹಾಗೆ ಬಾಗಿ ಕೂರುತ್ತಿದ್ದರು. ಭೌತಶಾಸ್ತ್ರದವರು ಆಗಲೇ ಯಾವುದೋ ದೂರದ ಪ್ರಯೋಗಾಲಯದ ಕಂಪ್ಯೂಟರಿನಲ್ಲಿ, ಅಚ್ಚಿಗೆ ಹೋಗುವ ಮೊದಲೇ ತಮ್ಮ ಹಸ್ತಪ್ರತಿಗಳನ್ನೆಲ್ಲ ತಂದು ರಾಶಿ ಹಾಕುತ್ತಿದ್ದರಂತೆ. ಇಮೇಲಿನಲ್ಲಿ ಕೇಳಿದರೆ ಯಂತ್ರವೇ ಕಳಿಸಿಕೊಡುತ್ತದಂತೆ. ಚಂದಾ ಇಲ್ಲ, ಕಾರ್ಡು ಇಲ್ಲ, ಕಾಯುವ ಕೆಲಸವೂ ಇಲ್ಲ. ಬೇರೆ ಬೇರೆ ಊರುಗಳಲ್ಲಿ ಮೇಷ್ಟ್ರುಗಳು ಸೇರಿ ತಾವೇ ಸಂಪಾದಕರಾಗಿ ಪುಕ್ಕಟೆ ಪತ್ರಿಕೆಗಳನ್ನೂ ಶುರು ಮಾಡಿದ್ದರು.

“ಬರೆಯುವುದು ನಾವು, ತಿದ್ದುವುದು ನಾವು, ಓದುವುದು ನಾವು” ಎಂದು ಶೆಟ್ರು ಸ್ಟಾಫ್ ರೂಮಿನಲ್ಲಿ ಮೇಜು ಗುದ್ದುತ್ತಿದ್ದರು. “ನಡುವಿನಲ್ಲಿ ಬೀಗ ಹಾಕಿ ಕೂತುಕೊಳ್ಳುವವನು ಯಾರು ಮಾರಾಯ್ರೆ?”

ನನಗೆ ಅಪ್ಪನ ಪೆಟ್ಟಿಗೆ ನೆನಪಾಯಿತು. ಶೆಟ್ರು ಬಿಟ್ಟಿಯಾಗಿ ಜಾಗ ಕೊಡುವ ಒಂದು ಕಂಪನಿಯಲ್ಲಿ ಪುಟ ತೆರೆದು ಕರಾವಳಿಯ ಸಂಶೋಧನೆಗೆಂದೇ ಒಂದು ಪತ್ರಿಕೆ ಹೂಡಿದರು. ಮೊದಲ ಲೇಖನ ನನ್ನದಾಗಬೇಕೆಂದು ಹಟ ಹಿಡಿದರು. ನಾನು ಹೆದರಿಕೆಗಳನ್ನು ಒಂದೊಂದಾಗಿ ಮುಂದಿಟ್ಟೆ. ಕದಿಯುತ್ತಾರೆ ಎಂದೆ. ಕದ್ದರೆ ಮೊದಲು ಬರೆದದ್ದು ನೀವೆಂದು ಲೋಕಕ್ಕೇ ಗೊತ್ತಿರುತ್ತದಲ್ಲ ಎಂದರು. ಪತ್ರಿಕೆಯವರು ಸಿಟ್ಟಾಗುತ್ತಾರೆ ಎಂದೆ. ಆಗಲಿ ಎಂದರು. ಪ್ರಿನ್ಸಿಪಾಲರು ಇದನ್ನು ಪ್ರಕಟಣೆ ಎಂದು ಒಪ್ಪದಿದ್ದರೆ? ಅದಕ್ಕೂ ಅವರು ನಕ್ಕರು. ನಿಜವಾಗಿ ಹೆದರಬೇಕಾದ ಒಂದು ಸಂಗತಿ ಇತ್ತು, ಅದನ್ನು ಮಾತ್ರ ನಾನು ಕೇಳಲಿಲ್ಲ. ಅದು ನನ್ನ ಪಟ್ಟಿಯಲ್ಲೇ ಇರಲಿಲ್ಲ.

“ಕೋಷ್ಟಕ ತೆಗೆಯಬೇಕಾ ಶೆಟ್ರೇ?” ಎಂದು ಕೇಳಿದೆ.

“ಎಂತಕ್ಕೆ ತೆಗೆಯುದು? ಇಲ್ಲಿ ಕಾಗದವೇ ಇಲ್ಲ, ಜಾಗಕ್ಕೆ ಎಂತ ಬರಗಾಲ? ಎಲ್ಲ ಹಾಕುವ.”

ಎಲ್ಲ ಹಾಕಿದೆವು. ಹೆಜ್ಜೆಯ ಲೆಕ್ಕ, ತಿಂಗಳ ಲೆಕ್ಕ, ಕಂಬದ ಲೆಕ್ಕ. ಕೊನೆಯಲ್ಲಿ, ಜಾಗ ತೋರಿಸಿಕೊಟ್ಟ ಕೂಳೂರಿನ ಕಮಲ ಅವರಿಗೆ ಕೃತಜ್ಞತೆ ಎಂಬ ಸಾಲು. ಅದನ್ನು ಸೇರಿಸುವಾಗ ನನಗೆ ಬಹಳ ಒಳ್ಳೆಯವನಾದಂತೆ ಅನಿಸಿತ್ತು. ಕೆಲವೇ ದಿನಗಳಲ್ಲಿ ಕೆನಡಾದ ಒಬ್ಬರು ಇಮೇಲಿನಲ್ಲಿ ಎರಡು ತಪ್ಪು ತೋರಿಸಿದರು, ಬ್ರೆಜಿಲಿನ ಒಬ್ಬರು ಹೊಗಳಿದರು. ಕಮಲಕ್ಕನ ಹತ್ತಿರ ಹೋಗಿ, ನಿಮ್ಮ ಹೆಸರು ಕಂಪ್ಯೂಟರಿನಲ್ಲಿ ಬಂದಿದೆ, ಲೋಕವೆಲ್ಲ ಓದುತ್ತದೆ ಎಂದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕರು. ಹೆಕ್ಕುವ ಕ್ರಮವನ್ನೂ ಬರೆದಿದ್ದೀರಾ, ಸಣ್ಣದನ್ನು ಬಿಡುವುದು, ಮೊಟ್ಟೆಯ ತಿಂಗಳಲ್ಲಿ ಹೋಗದಿರುವುದು, ಎಂದು ಕೇಳಿದರು. ಅದನ್ನು ಮುಂದಿನದರಲ್ಲಿ ಬರೆಯುತ್ತೇನೆ ಎಂದೆ. ಈ ಲೇಖನದಲ್ಲಿ ಅದಕ್ಕೊಂದು ಸಾಲೂ ಇರಲಿಲ್ಲ, ಅಳೆಯಲು ಬಾರದ್ದನ್ನು ನಾವು ಬರೆಯುವುದಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಕಾಲೇಜಿಗೆ ಹೋಗುವ ಬಸ್ಸು ಕೂಳೂರು ಸೇತುವೆಯ ಮೇಲೆ ಬಂದಾಗ ಕೆಳಗೆ ದೋಣಿಗಳು ಕಂಡವು, ನಾಲ್ಕೋ ಐದೋ. ಮರಳಿನ ದೋಣಿಗಳಿರಬೇಕು ಎಂದುಕೊಂಡೆ. ಆದರೆ ಅವು ನಿಂತದ್ದು ನಾನು ಲೇಖನದಲ್ಲಿ ಬರೆದಿದ್ದ ಮೂರನೆಯ ಕಂಬದ ಹತ್ತಿರ. ಮುಂದಿನ ಸ್ಟಾಪಿನಲ್ಲಿ ಇಳಿದು ಹೊಳೆಯ ಬದಿಗೆ ನಡೆದೆ. ದಡದಲ್ಲಿ ಬುಟ್ಟಿಗಟ್ಟಲೆ ಮರುವಾಯಿ, ದೊಡ್ಡದು ಸಣ್ಣದು ಎಲ್ಲ ಕೂಡಿ ರಾಶಿ ಬಿದ್ದಿತ್ತು. ಬೆಳೆಯದ ಮರಿಗಳೂ ಇದ್ದವು. ಮೇಸ್ತ್ರಿಯಂಥ ಒಬ್ಬನ ಕೈಯಲ್ಲಿ ಒದ್ದೆಯಾದ ಒಂದು ಹಾಳೆ. ಅದರಲ್ಲಿದ್ದುದು ನನ್ನ ಕೋಷ್ಟಕ. ಒಂದು ಅಂಕಿಯ ಪಕ್ಕದಲ್ಲಿ ನಾನು ಹಾಕಿದ್ದ ನಕ್ಷತ್ರದ ಗುರುತು ಕೂಡ ಹಾಗೆಯೇ ಇತ್ತು.

“ಎಂತದು ಅದು?” ಎಂದೆ.

“ಜಾಗದ ಲೆಕ್ಕ ಸರ್. ನಮ್ಮ ಧಣಿಯವರ ಅಳಿಯ ನೆಟ್ಟಲ್ಲಿ ಹುಡುಕಿ ತೆಗೆದದ್ದು. ಯಾರೋ ಕಾಲೇಜಿನವರು ಬರೆದದ್ದಂತೆ. ಭಾರೀ ಕರೆಕ್ಟ್ ಉಂಟು.”

ಆ ಕಾಲೇಜಿನವನು ನಾನೇ, ಇದನ್ನು ನಿಲ್ಲಿಸಿ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಕಮಲಕ್ಕ ಎಲ್ಲಿಂದಾದರೂ ಬಂದು ಬಿಡುತ್ತಾರೋ ಎಂದು ನಾಲ್ಕೂ ಕಡೆ ನೋಡಿ, ಓಡುನಡಿಗೆಯಲ್ಲಿ ರಸ್ತೆಗೆ ಬಂದು ಬಸ್ಸು ಹತ್ತಿದೆ. ಆವತ್ತು ಪಾಠ ಏನು ಮಾಡಿದೆನೋ ಗೊತ್ತಿಲ್ಲ.

ಶೆಟ್ರಿಗೆ ಹೇಳಿದೆ. ಅವರು ಕೂಡಲೇ ಕೋಷ್ಟಕಗಳನ್ನು ಪುಟದಿಂದ ತೆಗೆದರು. ಆದರೆ ಅಷ್ಟರಲ್ಲಿ ಬೇರೆ ಎರಡು ಮೂರು ಕಡೆಯವರು ಪ್ರತಿ ಮಾಡಿಟ್ಟುಕೊಂಡಿದ್ದರು, ಒಳ್ಳೆಯ ಮನಸ್ಸಿನಿಂದಲೇ, ಕಳೆದುಹೋಗದಿರಲಿ ಎಂದು. ಅಂಚೆಯಲ್ಲಿ ಹೋದದ್ದಾದರೆ ಒಬ್ಬರ ಕೈ ಸೇರುತ್ತದೆ. ಇದು ಎಷ್ಟು ಕೈ ಸೇರಿದೆಯೆಂದು ಕೇಳಲೂ ಯಾರೂ ಇರಲಿಲ್ಲ. ಎರಡು ವರ್ಷ ದೋಣಿಗಳು ಬಂದವು. ಮೂರನೆಯ ವರ್ಷ ಬರಲಿಲ್ಲ, ಬರುವಂಥದ್ದು ಏನೂ ಉಳಿದಿರಲಿಲ್ಲ.

ಆಮೇಲೆ ನಿವೃತ್ತಿಯವರೆಗೂ ನಾನು ಬಸ್ಸಿನಲ್ಲಿ ಮೂರನೆಯ ಕಂಬ ಕಾಣದ ಬದಿಯಲ್ಲೇ ಕೂತೆ. ಆ ಬದಿಯಲ್ಲಿ ಬಿಸಿಲು ಹೊಡೆಯುತ್ತಿತ್ತು, ಭಟ್ರು ಬಿಸಿಲು ಕಾಯಿಸುತ್ತಾರೆ ಎಂದು ಕಂಡಕ್ಟರು ತಮಾಷೆ ಮಾಡುತ್ತಿದ್ದ. ಮರುವಾಯಿ ಹೋದ ಮೇಲೆ ಕಮಲಕ್ಕ ಬೀಡಿ ಕಟ್ಟಲು ಶುರು ಮಾಡಿದ್ದರು. ಕಟ್ಟಿದ ಬೀಡಿ ಕೊಡಲು ಹೋಗುವಾಗ ಕೆಲವೊಮ್ಮೆ ಅದೇ ಬಸ್ಸು ಹತ್ತುತ್ತಿದ್ದರು. ಅವರ ತಲೆ ಫುಟ್‌ಬೋರ್ಡಿನಲ್ಲಿ ಕಂಡಕೂಡಲೇ, ಇವತ್ತು ಕೇಳುತ್ತಾರೆ, ಎಲ್ಲರ ಮುಂದೆ ಕೇಳುತ್ತಾರೆ ಎಂದು ಬ್ಯಾಗಿನ ಹಿಡಿ ಬಿಗಿಹಿಡಿದು ಕೂರುತ್ತಿದ್ದೆ. ಅವರು ಕೇಳುತ್ತಿದ್ದದ್ದು ಒಂದೇ.

“ಬರೀತಾ ಇದ್ದೀರಾ ಭಟ್ರೇ?”

“ಹೌದು ಕಮಲಕ್ಕ, ಬರೀತಾ ಇದ್ದೇನೆ.”

ಪಾಪ, ಇವರಿಗೆ ಏನೂ ಗೊತ್ತಿಲ್ಲ ಎಂದುಕೊಂಡು ಉಸಿರು ಬಿಡುತ್ತಿದ್ದೆ. ಅಷ್ಟರಲ್ಲಿ ಬಿಟ್ಟಿ ಜಾಗ ಕೊಡುತ್ತಿದ್ದ ಆ ಕಂಪನಿ ಬಾಗಿಲು ಹಾಕಿತು, ಶೆಟ್ರ ಪತ್ರಿಕೆಯೂ ಅದರೊಂದಿಗೆ ಹೋಯಿತು. ಅವರು ಅದಕ್ಕಾಗಿ ವಾರಗಟ್ಟಲೆ ಮಂಕಾಗಿದ್ದರು. ನನಗೆ ಮಾತ್ರ ಒಳಗೊಳಗೇ ಹಬ್ಬ. ಪ್ರತಿ ಮಾಡಿಟ್ಟವರ ಪುಟಗಳೂ ಒಂದೊಂದಾಗಿ ಮಾಯವಾದವು. ಈಗ ಸಾಕ್ಷಿಯಿಲ್ಲ ಎಂದುಕೊಂಡೆ.

ಪೋಸ್ಟ್‌ಕಾರ್ಡು ಸಿಕ್ಕಿದ ವಾರವೇ ಒಂದು ಇಮೇಲು ಬಂತು. ಇಂಟರ್ನೆಟ್ಟಿನ ಮೊದಲ ದಿನಗಳ ಪುಕ್ಕಟೆ ಸಂಶೋಧನಾ ಪತ್ರಿಕೆಗಳನ್ನು ಹುಡುಕಿ ಉಳಿಸುವ ಕೆಲಸದಲ್ಲಿರುವ ಕೆಲವರು ಬರೆದದ್ದು. ನಿಮ್ಮ ಲೇಖನದ ಒಂದು ಪ್ರತಿ ಸಿಕ್ಕಿದೆ, ಸಂತೋಷದ ಸಂಗತಿಯೆಂದರೆ ಕೋಷ್ಟಕಗಳ ಸಹಿತ ಸಿಕ್ಕಿದೆ, ಇನ್ನು ಮುಂದೆ ಎಂದೆಂದಿಗೂ ಯಾರು ಬೇಕಾದರೂ ಓದುವಂತೆ ಇಡುತ್ತೇವೆ, ಒಪ್ಪಿಗೆ ಕೊಡಿ. ಎಂದೆಂದಿಗೂ ಎಂಬ ಮಾತನ್ನು ಎರಡು ಸಲ ಓದಿದೆ. ಆ ಹೊಳೆಯಲ್ಲಿ ಮರುವಾಯಿ ಈಚೆಗೆ ಮತ್ತೆ ಅಲ್ಪಸ್ವಲ್ಪ ಕಾಣುತ್ತಿದೆಯೆಂದು ಬಸ್ಸಿನಲ್ಲಿ ಯಾರೋ ಹೇಳಿದ್ದರು. ಬೇಡವೆಂದು ಬರೆದರೆ ಯಾಕೆಂದು ಹೇಳಬೇಕು, ಆಗಲಿ ಎಂದರೆ ಮತ್ತೆ ಅದೇ ದೋಣಿಗಳು. ಎರಡು ದಿನ ಒದ್ದಾಡಿ, ಮೂರನೆಯ ದಿನ ಮಧ್ಯಾಹ್ನ ಕೂಳೂರಿನಲ್ಲಿ ಇಳಿದು ಕಮಲಕ್ಕನ ಮನೆಗೆ ನಡೆದೆ. ದಾರಿಯಲ್ಲಿ ಎರಡು ಸಲ ನಿಂತದ್ದಕ್ಕೆ ಅರುವತ್ತೈದು ದಾಟಿದ್ದೇ ಕಾರಣವೆಂದು ನನಗೆ ನಾನೇ ಹೇಳಿಕೊಂಡೆ.

ಅವರು ಜಗಲಿಯಲ್ಲಿ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಕುಳಿತುಕೊಳ್ಳಿ ಎಂದರು. ನಾನು ಕೂರದೆ ಹೇಳಿದೆ, ಕೂತರೆ ಧೈರ್ಯ ಹೋಗುತ್ತದೆ ಎಂದು.

“ಕಮಲಕ್ಕ, ಆ ಜಾಗ ದೋಣಿಯವರಿಗೆ ಗೊತ್ತಾದದ್ದು ನನ್ನಿಂದ. ನಾನೇ ಬರೆದದ್ದು.”

“ಗೊತ್ತುಂಟು ಭಟ್ರೇ.” ಕೈ ಎಲೆ ಮಡಚುತ್ತಲೇ ಇತ್ತು. “ಅವರು ಮೊದಲು ಬಂದದ್ದೇ ನನ್ನ ಮನೆಗೆ. ಕಾಗದದಲ್ಲಿ ಕೂಳೂರಿನ ಕಮಲ ಅಂತ ಉಂಟು, ಜಾಗ ತೋರಿಸಿ ಅಂದ್ರು. ಆ ಕಮಲ ಕಳೆದ ಮಳೆಗಾಲದಲ್ಲಿ ತೀರಿಹೋದಳು ಅಂತ ಹೇಳಿ ಕಳಿಸಿದೆ. ಆದ್ರೆ ಹೆಜ್ಜೆ ಲೆಕ್ಕ ನೀವು ಸರಿಯಾಗಿ ಬರೆದಿದ್ರಿ ಅಲ್ವಾ, ಅವರಿಗೇ ಸಿಕ್ಕಿತು.”

ಆಗ ನಾನು ಜಗಲಿಯ ಅಂಚಿನಲ್ಲಿ ಕೂತೆ. “ಇಷ್ಟು ವರ್ಷ ಬಸ್ಸಿನಲ್ಲಿ ಸಿಕ್ಕಿದ್ರಿ. ಒಂದು ಮಾತು ಬೈಯಲಿಲ್ಲ.”

“ಬೈಯುದಕ್ಕೆ ಆಸೆ ಇರ್ಲಿಲ್ಲ ಅಂತ ಅಲ್ಲ. ಮನೆಯಲ್ಲಿ ಗಂಜಿಗೆ ಕಷ್ಟ ಆದಾಗ ಕೆಟ್ಟ ಕೋಪ ಬಂದಿತ್ತು. ಆದ್ರೆ ನೀವು ಮೊದಲೇ ಹೆದರುವ ಜನ. ಬೈದ್ರೆ ಬರೆಯುದನ್ನೇ ಬಿಡ್ತೀರಿ ಅಂತ ಕಂಡಿತು. ಜಾಗ ಹೇಗೂ ಹೋಯ್ತು. ನಾವು ಹೆಕ್ಕುವ ಕ್ರಮ ಉಂಟಲ್ಲ, ಅದನ್ನು ಮುಂದೆ ಬರೀತೇನೆ ಅಂದಿದ್ರಿ. ನನ್ನ ಜೊತೆಯವರು ಒಬ್ಬೊಬ್ಬರೇ ಹೋದ್ರು, ಈಗ ಮರುವಾಯಿ ಬಂದ್ರೂ ಹೆಕ್ಕುವವರಿಗೆ ಕ್ರಮ ಗೊತ್ತಿಲ್ಲ, ಬಾಚಿ ಒಯ್ಯುತ್ತಾರೆ. ಭಟ್ರು ಬರೆದಿಟ್ಟಿದ್ದಾರೆ, ಕಂಪ್ಯೂಟರಲ್ಲಿ ಉಂಟು, ಅಂತ ನಾನು ಧೈರ್ಯದಲ್ಲಿದ್ದೇನೆ.” ನೂಲು ಸುತ್ತಿ ಒಂದು ಬೀಡಿಯನ್ನು ಮೊರಕ್ಕೆ ಹಾಕಿ ತಲೆಯೆತ್ತಿದರು. “ಅದರಲ್ಲಿ ಎಷ್ಟು ಬರೆದ್ರಿ?”

ಶೆಟ್ರು ಎಷ್ಟೋ ಸಲ ಕೇಳಿದ್ದರು, ಬರೆಯಿರಿ ಎಂದು. ಪ್ರತಿ ಸಲವೂ ಆ ಒದ್ದೆ ಹಾಳೆ ಕಣ್ಣೆದುರು ಬಂದು ನಾನು ಪೆನ್ನು ಕೆಳಗಿಟ್ಟಿದ್ದೆ. ಟಿಪ್ಪಣಿ ಪುಸ್ತಕವನ್ನೂ ಒಂದು ದಿನ ಬಾವಿಕಟ್ಟೆಯ ಹಿಂದೆ ಸುಟ್ಟುಬಿಟ್ಟಿದ್ದೆ. ಇನ್ನೊಂದು ಸುಳ್ಳು ಬಾಯಿಯವರೆಗೆ ಬಂತು.

“ಒಂದು ಸಾಲೂ ಬರೆಯಲಿಲ್ಲ ಕಮಲಕ್ಕ” ಎಂದೆ.

ಮುಂದಿನ ಎಲೆಗೆ ಚಾಚಿದ್ದ ಅವರ ಕೈ ಆಗ ನಿಂತಿತು.